ಗುಡ್ಡ ಹತ್ತದೆ ಪೈಥಾನ್

"ಎಲ್ಲಾ ಆನ್‌ಲೈನಲ್ಲೇ ಸಿಗುತ್ತಲ್ಲ, ಕಲ್ತ್ಕೊಳ್ಳಿ" ಅಂತ ಯಾರಾದರೂ ಹೇಳಿದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ನಮಗೆ ನಗು ಬರುತ್ತದೆ. ಸಿಗುತ್ತೆ, ನಿಜ. ಮೊದಲು ನೆಟ್‌ವರ್ಕ್ ಸಿಗಬೇಕಲ್ಲ! 2020ರ ಲಾಕ್‌ಡೌನಿನಲ್ಲಿ ಮಲೆನಾಡಿನ ಮಕ್ಕಳು ಆನ್‌ಲೈನ್ ಕ್ಲಾಸಿಗಾಗಿ ಗುಡ್ಡ ಹತ್ತಿದ್ದು ಪೇಪರಿನಲ್ಲೂ ಬಂದಿತ್ತು. ಮಳೆಗಾಲದಲ್ಲಿ ಕರೆಂಟ್ ಹೋದರಂತೂ ಟವರೂ ಮಲಗಿಬಿಡುತ್ತದೆ.

ಹಾಗಾಗಿ ನಾವು ಕಂಡುಕೊಂಡ ದಾರಿ: ಪೇಟೆಯಲ್ಲಿ ಡೌನ್‌ಲೋಡ್, ಮನೆಯಲ್ಲಿ ಅಭ್ಯಾಸ. ಇದಕ್ಕೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಹೇಳಿ ಮಾಡಿಸಿದ್ದು. ಪಾಠಗಳು ಸುಮಾರು ಹತ್ತು ನಿಮಿಷದವು, ಹಲವಕ್ಕೆ ಕನ್ನಡ ಧ್ವನಿಯೂ ಇದೆ. ಪರದೆ ಮೇಲಿನ ಕೋಡ್ ಮಾತ್ರ ಇಂಗ್ಲಿಷಿನಲ್ಲೇ. ಕನ್ನಡ ಮೀಡಿಯಂನಿಂದ ಬಂದವರಿಗೆ ಇದರ ಬೆಲೆ ಗೊತ್ತು. ಲೂಪ್ ಅಂದರೆ ಏನಂತ ಒಮ್ಮೆ ಕನ್ನಡದಲ್ಲಿ ಅರ್ಥವಾದರೆ ಫಾರ್, ವೈಲ್ ಎಲ್ಲ ಬರೀ ಪದಗಳು.

ಆದರೆ ವಿಡಿಯೋ ನೋಡಿದ ಮಾತ್ರಕ್ಕೆ ಪ್ರೋಗ್ರಾಮಿಂಗ್ ಬರಲ್ಲ, ದಡದಲ್ಲಿ ಕೂತರೆ ಈಜು ಬರದ ಹಾಗೆ. ನಮಗೆ ಪೈಥಾನ್ ತಲೆಗೆ ಹತ್ತಿದ್ದು ಅಡಿಕೆ ಲೆಕ್ಕದಿಂದ. ರಾಶಿ, ಬೆಟ್ಟೆ, ಸರಕು, ಗೊರಬಲು, ಒಂದೊಂದಕ್ಕೂ ಕ್ವಿಂಟಲ್ ದರ ಬೇರೆ. ದರಗಳನ್ನು ಡಿಕ್ಷನರಿಯಲ್ಲಿಟ್ಟು, ಕೆಜಿಯನ್ನು 100ರಿಂದ ಭಾಗಿಸಿ, ದರದಿಂದ ಗುಣಿಸಿ, ಲೂಪಿನಲ್ಲಿ ಕೂಡಿಸುತ್ತಾ ಹೋದರೆ ಮುಗೀತು. ಹತ್ತು ಹದಿನೈದು ಸಾಲು ಅಷ್ಟೇ. ಅಪ್ಪ ನೋಟ್‌ಬುಕ್ಕಿನಲ್ಲಿ ಹಾಕಿದ ಮೊತ್ತಕ್ಕೆ ಅದು ತಾಳೆಯಾದಾಗ, ಲ್ಯಾಬ್ ಪರೀಕ್ಷೆಯ ಯಾವ ಔಟ್‌ಪುಟ್ಟೂ ಕೊಡದ ಖುಷಿ ಸಿಕ್ಕಿತು.

ಇನ್ನೊಂದು ಮಜಾ ನೋಡಿ. ಪೈಥಾನಿಗೆ "ತೀರ್ಥಹಳ್ಳಿ" ಕೊಟ್ಟು ಉದ್ದ ಕೇಳಿ. ನಮಗೆ ಅದು ನಾಲ್ಕು ಅಕ್ಷರ, ಪೈಥಾನಿಗೆ 10! ಯಾಕಂದರೆ ಯೂನಿಕೋಡಿನಲ್ಲಿ ವ್ಯಂಜನಕ್ಕೊಂದು, ಗುಣಿತದ ಚಿಹ್ನೆಗೊಂದು, ಒತ್ತಕ್ಷರ ಕೂಡಿಸುವ ಚಿಹ್ನೆಗೊಂದು ಸಂಕೇತ. ಮೊಬೈಲಲ್ಲಿ ಒಮ್ಮೆ ಅಳಿಸಿದರೆ ಒತ್ತಕ್ಷರ ಪೂರ್ತಿ ಹೋಗದೆ ಅರ್ಧ ಉಳಿಯೋದು ಯಾಕೆ ಅಂತ ನಮಗೆ ಅವತ್ತು ತಿಳೀತು. ನಮ್ಮ ಭಾಷೆ ಕಂಪ್ಯೂಟರಿನೊಳಗೆ ಹೇಗೆ ಕೂತಿದೆ ಅನ್ನೋದು ಇಂಗ್ಲಿಷ್ ಉದಾಹರಣೆಗಳಲ್ಲಿ ಕಾಣಲ್ಲ. ನಾವೇ ಕೇಳಿ ನೋಡಬೇಕು.

ಫಸ್ಟ್ ಇಯರ್‌ನವರೇ, ಹಾಸ್ಟೆಲ್ ವೈಫೈ ಇರುವಾಗಲೇ ಪಾಠಗಳನ್ನು ಇಳಿಸಿಕೊಳ್ಳಿ. ದಸರಾ ರಜೆಗೆ ಊರಿಗೆ ಹೋಗುವಾಗ ಪೆನ್‌ಡ್ರೈವಿಗೂ ಹಾಕಿಕೊಳ್ಳಿ. ಪಕ್ಕದ ಮನೆಯಲ್ಲಿ "ಇದೆಲ್ಲ ಬೆಂಗಳೂರಿನವರಿಗೆ" ಅಂತ ಆಗಲೇ ತೀರ್ಮಾನ ಮಾಡಿರುವ ಪಿಯುಸಿ ಹುಡುಗಿಯೊಬ್ಬಳು ಇರಬಹುದು. ಅವಳ ಜೊತೆ ಕೂತು ಒಂದು ಲೂಪ್ ಬರೆಸಿ. ಉಳಿದದ್ದನ್ನ ಅವಳೇ ನೋಡ್ಕೋತಾಳೆ.