ಡೈರಿ ಕಂಪ್ಯೂಟರ್ ರಿಪೇರಿ ಮಾಡೋರು ಯಾರು?

ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತೆ, ಪೀಂ ಪೀಂ ಅಂತ ಸದ್ದು ಬರುತ್ತೆ, ಪರದೆ ಮಾತ್ರ ಕಪ್ಪು. ಹಳೇ ಕಂಪ್ಯೂಟರ್, ಹೋದರೆ ಹೋಗಲಿ ಅನ್ನಬಹುದಿತ್ತು. ಆದರೆ ಅದರೊಳಗೆ ನಮ್ಮಜ್ಜಿ ಹಾಡಿದ ಸೋಬಾನೆ ಪದಗಳಿದ್ದವು. ಓದುವಾಗ ಪ್ರಾಜೆಕ್ಟಿಗೆ ಅಂತ ರೆಕಾರ್ಡ್ ಮಾಡಿಕೊಂಡಿದ್ದೆವು. ಅಜ್ಜಿ ಈಗಿಲ್ಲ. ಬೇರೆ ಕಡೆ ಕಾಪಿಯೂ ಇಟ್ಟಿರಲಿಲ್ಲ. ತಪ್ಪು ನಮ್ಮದೇ.

ಸಿಪಿಯು ಡಬ್ಬವನ್ನು ಗೋಣಿಚೀಲದಲ್ಲಿ ಸುತ್ತಿ, ಬೈಕಿನಲ್ಲಿ ಇಬ್ಬರ ನಡುವೆ ಇಟ್ಟುಕೊಂಡು ತಿಪಟೂರಿಗೆ ಹೋದೆವು. ಅಂಗಡಿಯವರು ಬಿಚ್ಚಿಯೂ ನೋಡಲಿಲ್ಲ. "ಮದರ್‌ಬೋರ್ಡ್ ಹೋಗಿದೆ, 6,000 ಆಗುತ್ತೆ. ಬಿಟ್ಟು ಹೋಗಿ, ಫಾರ್ಮ್ಯಾಟ್ ಮಾಡಿ ಕೊಡ್ತೀವಿ" ಅಂದರು. ಒಳಗಿರೋದು ಉಳಿಯುತ್ತಾ ಅಂತ ಕೇಳಿದರೆ, "ಗ್ಯಾರಂಟಿ ಇಲ್ಲ." ದುಡ್ಡಿಗಿಂತ ಆ 'ಬಿಟ್ಟು ಹೋಗಿ' ಅನ್ನೋ ಮಾತಿಗೇ ನಾವು ಹೆದರಿದೆವು. ಡಬ್ಬ ಹೊತ್ತುಕೊಂಡು ವಾಪಸ್ ಬಂದೆವು.

ದಾರಿ ತೋರಿಸಿದ್ದು ಅವ್ವ. "ನಮ್ಮ ಹಾಲಿನ ಡೈರೀಲೂ ಕಂಪ್ಯೂಟರ್ ಐತಲ್ಲ, ಅದನ್ನ ಯಾರು ರಿಪೇರಿ ಮಾಡ್ತಾರೆ ಕೇಳ್ರೋ" ಅಂದಳು. ನಿಜ. ಡೈರಿಯಲ್ಲಿ ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಹಾಲು ಅಳೀಬೇಕು. ಕೆಲಸ ಬಾರದವರನ್ನ ಅಲ್ಲಿ ಎರಡನೇ ಸಲ ಕರೆಯೋದಿಲ್ಲ. ಸೆಕ್ರೆಟರಿ ನಂಬರ್ ಕೊಟ್ಟರು.

ಮಾರನೇ ದಿನ ಸಂಜೆ ಆ ಅಣ್ಣ ಮನೆಗೇ ಬಂದರು. ಸ್ಕ್ರೂ ಮುಟ್ಟುವ ಮೊದಲು ಕೇಳಿದ್ದು ಒಂದೇ ಮಾತು: "ಒಳಗೆ ಮುಖ್ಯವಾದದ್ದು ಏನಿದೆ?"

ಹೇಳಿದೆವು. "ಹಾಡು ಇರೋದು ಹಾರ್ಡ್‌ಡಿಸ್ಕಲ್ಲಿ. ಮದರ್‌ಬೋರ್ಡ್ ಹೋದರೂ ಹಾರ್ಡ್‌ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿ ನೋಡಬಹುದು. ಈಗಲೇ ಹೆದರಬೇಡಿ" ಅಂದರು.

ಜಗಲಿ ಮೇಲೆ ನಮ್ಮ ಕಣ್ಣೆದುರೇ ಬಿಚ್ಚಿದರು. ಒಳಗೆಲ್ಲ ಧೂಳು, ಜೇಡರ ಬಲೆ. ಬ್ರಶ್ಶಿನಲ್ಲಿ ಝಾಡಿಸಿ, ರ್‍ಯಾಮ್ ಹೊರಗೆ ತೆಗೆದು, ಅದರ ಬಂಗಾರ ಬಣ್ಣದ ಅಂಚನ್ನು ಪಕ್ಕದ ಮನೆ ಹುಡುಗನ ರಬ್ಬರಿನಿಂದ ಉಜ್ಜಿ, ಮತ್ತೆ ಕೂರಿಸಿದರು. ಪರದೆ ಬೆಳಗಿತು! ತಾರೀಖು ಮಾತ್ರ 2009 ತೋರಿಸುತ್ತಿತ್ತು. ಮದರ್‌ಬೋರ್ಡಿನ ಮೇಲೆ ನಾಣ್ಯದಂಥ 3 ವೋಲ್ಟಿನ ಬ್ಯಾಟರಿ ಇರುತ್ತಂತೆ, ಅದು ಸತ್ತರೆ ಕಂಪ್ಯೂಟರ್ ತಾರೀಖು ಮರೆಯುತ್ತದಂತೆ. ಹೊಸದು ಹಾಕಿ, ಹಳೇದನ್ನು ನಮ್ಮ ಕೈಗೆ ಕೊಟ್ಟರು. ಪಾಸ್‌ವರ್ಡ್ ಕೇಳಿದಾಗ "ನೀವೇ ಒತ್ತಿ" ಅಂತ ಆ ಕಡೆ ತಿರುಗಿ ನಿಂತರು.

"ಎಷ್ಟಾಯ್ತಣ್ಣ?" ಅಂದೆವು. "ಮೊದಲು ಹಾಡು ಪೆನ್‌ಡ್ರೈವಿಗೆ ಹಾಕ್ಕೊಳ್ಳಿ, ಆಮೇಲೆ ದುಡ್ಡು" ಅಂದರು. ಬ್ಯಾಟರಿ ಸೇರಿ 350 ರೂಪಾಯಿ ಆಯಿತು.

ಎಲ್ಲ ಕಂಪ್ಯೂಟರೂ ರಬ್ಬರಿನಲ್ಲಿ ಸರಿಹೋಗೋದಿಲ್ಲ, ಒಮ್ಮೊಮ್ಮೆ ಮದರ್‌ಬೋರ್ಡ್ ನಿಜಕ್ಕೂ ಹೋಗಿರುತ್ತೆ. ಆದರೂ ಎದುರಿಗೆ ಬಿಚ್ಚುವವರು, ಹಳೇ ಸಾಮಾನು ಕೈಗೆ ಕೊಡುವವರು, ಒಳಗೇನಿದೆ ಅಂತ ಮೊದಲು ಕೇಳುವವರು ಎಲ್ಲಾದರೂ ಇದ್ದೇ ಇರುತ್ತಾರೆ. ನಿಮ್ಮೂರ ಡೈರಿಯಲ್ಲೋ ಶಾಲೆಯಲ್ಲೋ ಒಮ್ಮೆ ವಿಚಾರಿಸಿ. ಅದಕ್ಕೂ ಮೊದಲು, ಕಂಪ್ಯೂಟರ್ ಚೆನ್ನಾಗಿರುವಾಗಲೇ ಬೇಕಾದದ್ದನ್ನು ಇನ್ನೊಂದು ಕಡೆ ಕಾಪಿ ಮಾಡಿಡಿ.

ಅವತ್ತು ರಾತ್ರಿ ಹಾಡು ಹಾಕಿದೆವು. ಪದದ ನಡುವೆ ಅಜ್ಜಿ ಕೆಮ್ಮಿ, "ನೀರು ಕೊಡ್ರೋ" ಅನ್ನುತ್ತಾಳೆ. ಪ್ರಾಜೆಕ್ಟಿಗೆ ಕೊಡುವಾಗ ಅದನ್ನು ಕತ್ತರಿಸಿದ್ದೆವು. ಅವ್ವ ಅದನ್ನೇ ಮತ್ತೆ ಮತ್ತೆ ಹಾಕಿಸಿ ಕೇಳಿದಳು.