ದಸರೆಯ ಗಾಡಿ, ವರ್ಷದ ಗಾಡಿ

ಮೈಸೂರಿನಲ್ಲಿ ಮನೆ ಇರುವವರಿಗೆ ದಸರಾ ಬಂತೆಂದರೆ ನೆಂಟರು ಬಂದರೆಂದೇ ಅರ್ಥ. 2025ರ ಸೆಪ್ಟೆಂಬರ್ 22ರಂದು ಚಾಮುಂಡಿ ಬೆಟ್ಟದಲ್ಲಿ ಲೇಖಕಿ ಬಾನು ಮುಷ್ತಾಕ್ ದಸರಾ ಉದ್ಘಾಟಿಸಿದ್ದನ್ನು ಟಿ.ವಿ.ಯಲ್ಲಿ ನೋಡಿದ ನನ್ನ ನಾದಿನಿ, ಎರಡೇ ದಿನದಲ್ಲಿ ಪುತ್ತೂರಿನಿಂದ ಅತ್ತೆ ಮತ್ತು ಮಕ್ಕಳೊಂದಿಗೆ ಬಂದಿಳಿದಳು. ನಾನು, ನನ್ನ ಮಗಳು ಸೇರಿ ಒಟ್ಟು ಆರು ಮಂದಿ ಹೆಂಗಸರು, ಜೊತೆಗೆ ನಾಲ್ಕು ವರ್ಷದ ಒಂದು ಮಗು.

ಅರಮನೆ ನೋಡಿ ಹೊರಬಂದಾಗ ಬಿಸಿಲೇರಿತ್ತು. ಬಿಳಿ ಬೋರ್ಡಿನ ಕಾರೊಂದು ಪಕ್ಕದಲ್ಲೇ ಬಂದು ನಿಂತಿತು. "ಎಲ್ಲರೂ ಹತ್ತಿ, ಚರ್ಚು, ಝೂ ಎಲ್ಲ ತೋರಿಸ್ತೀನಿ" ಎಂದ ಚಾಲಕ. ಅವನು ಕೇಳಿದ ಹಣಕ್ಕಿಂತಲೂ ಅವನ ಆತುರ ನೋಡಿ ನಾನು ಬೇಡವೆಂದೆ. ಅಷ್ಟರಲ್ಲಿ ಮಗು ಟಾಂಗಾ ಕಂಡು ಹಟ ಹಿಡಿಯಿತು.

ಟಾಂಗಾದ ಚಾಚಾ ನಮ್ಮನ್ನೆಲ್ಲ ಒಮ್ಮೆ ಎಣಿಸಿ, "ನಾಲ್ಕೇ ಜನ ಬೇಟಿ, ಮಗು ಬೇಕಾದರೆ ಕೂರಲಿ" ಎಂದರು. ನಾದಿನಿ ಎರಡು ಪಟ್ಟು ಬಾಡಿಗೆ ಕೊಡುತ್ತೇನೆಂದಳು. ಚಾಚಾ ನಕ್ಕು ಹೇಳಿದರು: "ದಸರಾ ಮುಗಿದರೆ ನೀವು ಊರಿಗೆ ಹೋಗ್ತೀರಿ. ನಾನೂ ಈ ಕುದುರೆಯೂ ಇಲ್ಲೇ ಇರಬೇಕಲ್ಲ?"

ಹುಡುಗಿಯರಿಬ್ಬರನ್ನು ಆಟೋದಲ್ಲಿ ಕಳುಹಿಸಿ ನಾವು ಟಾಂಗಾ ಹತ್ತಿದೆವು. ಅಶೋಕ ರಸ್ತೆಯಲ್ಲಿ ಸೇಂಟ್ ಫಿಲೋಮಿನಾ ಚರ್ಚಿನ ಕಡೆಗೆ ಹೋಗುವಾಗ ಕುದುರೆಯ ಗೊರಸಿನ ಸದ್ದಿನ ನಡುವೆ ಚಾಚಾರ ಮಾತು ಸಾಗಿತು. ಅವರ ತಂದೆಯದ್ದೂ ಇದೇ ಕಸುಬು. ಆಗ ಮೈಸೂರಿನಲ್ಲಿ ನೂರಾರು ಟಾಂಗಾಗಳಿದ್ದವು. ಆಸ್ಪತ್ರೆಗೆ, ಶಾಲೆಗೆ, ಮದುವೆಗೆ ಎಲ್ಲದಕ್ಕೂ ಜನ ಟಾಂಗಾವನ್ನೇ ಹತ್ತುತ್ತಿದ್ದರು. ಈಗ ಹತ್ತುವವರು ಪ್ರವಾಸಿಗರು ಮಾತ್ರ. ಮಗ ಕುದುರೆ ಬೇಡವೆಂದು ಆಟೋ ಹಿಡಿದಿದ್ದಾನೆ. "ನನ್ನದು ಪಾಲಿಕೆಯ ಲೈಸೆನ್ಸು, ಅವನದು ಆರ್‌ಟಿಒ ಪರ್ಮಿಟ್ಟು. ಆದರೆ ಆಟೋ ನಿಲ್ಲಿಸಿದರೆ ಪೆಟ್ರೋಲ್ ಕೇಳುವುದಿಲ್ಲ. ಕುದುರೆ ನಿಂತರೂ ಹುರುಳಿ ಕೇಳುತ್ತದೆ" ಎಂದರು. ರಾತ್ರಿ ಹುರುಳಿ ನೆನೆಹಾಕುವುದು, ಬೆಳಿಗ್ಗೆ ಹುಲ್ಲು ಹಾಕುವುದು ಅವರ ಹೆಂಡತಿಯ ಕೆಲಸವಂತೆ. 2020ರಲ್ಲಿ ಕೊರೋನಾದಿಂದಾಗಿ ದಸರಾ ಅರಮನೆಯ ಆವರಣದೊಳಗೇ ಸರಳವಾಗಿ ಮುಗಿದಾಗ, ಆ ತಾಯಿ ತನ್ನ ಬಳೆ ಮಾರಿ ಕುದುರೆಗೆ ಮೇವು ತಂದರಂತೆ. ಟಾಂಗಾದ ಹಿಂದೆ ಒಬ್ಬ ಹೆಂಗಸೂ ಇರುತ್ತಾಳೆಂದು ನಾನು ಅದುವರೆಗೂ ಯೋಚಿಸಿರಲಿಲ್ಲ.

ಚಾಚಾ ಹೇಳಿದ "ನಾಲ್ಕೇ ಜನ" ಅವರ ಮನಸ್ಸಿನ ಕರುಣೆ ಮಾತ್ರವಲ್ಲ, ಕಾನೂನೂ ಹೌದು. ಭಾರ ಎಳೆಯುವ ಪ್ರಾಣಿಗಳ ಕುರಿತು 1965ರಲ್ಲಿ ಮಾಡಿದ ಕೇಂದ್ರ ನಿಯಮಗಳ ಪ್ರಕಾರ, ಇಂತಹ ಗಾಡಿಯಲ್ಲಿ ಚಾಲಕ ಮತ್ತು ಆರು ವರ್ಷದೊಳಗಿನ ಮಕ್ಕಳನ್ನು ಬಿಟ್ಟು ನಾಲ್ವರಿಗಿಂತ ಹೆಚ್ಚು ಜನ ಕೂರಬಾರದು. ಪ್ರಾಣಿಯಿಂದ ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸಬಾರದು. ವಿಶ್ರಾಂತಿಯಿಲ್ಲದೆ ಸತತ 5 ಗಂಟೆಗಿಂತ ಹೆಚ್ಚು ಹೂಡಬಾರದು. ಉಷ್ಣಾಂಶ 37 ಡಿಗ್ರಿ ಮೀರಿದ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಗಾಡಿ ಕಟ್ಟುವಂತಿಲ್ಲ.

ಟ್ಯಾಕ್ಸಿ, ಆಟೋಗಳ ಲೆಕ್ಕ ಬೇರೆ. 1988ರ ಮೋಟಾರು ವಾಹನ ಕಾಯಿದೆಯಂತೆ ಅವುಗಳಿಗೆ ಪರ್ಮಿಟ್ ಕೊಡುವುದು ಸಾರಿಗೆ ಪ್ರಾಧಿಕಾರ. ವರ್ಷವಿಡೀ ಓಡುವ ಗಾಡಿಯ ಪರ್ಮಿಟ್ಟಿನ ಅವಧಿ ಐದು ವರ್ಷ. ಜಾತ್ರೆ, ಧಾರ್ಮಿಕ ಸಮಾವೇಶ, ಹಂಗಾಮಿನ ವ್ಯಾಪಾರದಂತಹ ಸಂದರ್ಭಗಳಿಗೆ ತಾತ್ಕಾಲಿಕ ಪರ್ಮಿಟ್ ಕೊಡಬಹುದು, ಅದು ನಾಲ್ಕು ತಿಂಗಳು ಮೀರುವಂತಿಲ್ಲ. ದಸರಾ ಸಮಯದಲ್ಲಿ ಮೈಸೂರಿಗೆ ಬರುವ ಹೊರರಾಜ್ಯದ ಪ್ರವಾಸಿ ವಾಹನಗಳಿಗೆ ಸರಕಾರ ತೆರಿಗೆ ವಿನಾಯಿತಿ ಕೊಟ್ಟ ವರ್ಷಗಳೂ ಇವೆ. ಲಕ್ಷಾಂತರ ಜನ ಬಂದಾಗ ಹೆಚ್ಚು ಗಾಡಿ ಬೇಕು, ನಿಜ. ಆದರೆ ವರ್ಷವೆಲ್ಲ ಖಾಲಿ ಸ್ಟ್ಯಾಂಡಿನಲ್ಲಿ ಕಾದವರು ನಾಲ್ಕು ಕಾಸು ಕಾಣುವುದೂ ಆ ದಿನಗಳಲ್ಲೇ. ಕಾಗದಪತ್ರ ಸರಿಯಾಗಿಟ್ಟುಕೊಂಡು ಬಂದ ಹೊರಗಿನವನನ್ನು ದೂರುವಂತಿಲ್ಲ. ಏನೂ ಇಲ್ಲದೆ ಸುಗ್ಗಿ ದೋಚಲು ಬಂದವನ ಮಾತೇ ಬೇರೆ.

ಬಾಡಿಗೆ ಗಾಡಿಯ ಮೇಲೆ ಇಷ್ಟೆಲ್ಲ ಕಟ್ಟುಪಾಡು ಏಕೆಂದು ಕೆಲವರು ಗೊಣಗುತ್ತಾರೆ. ಮದ್ರಸದಲ್ಲಿ ಓದುವಾಗ ನಾವು 'ಹಿಸ್ಬಾ'ದ ಬಗ್ಗೆ ಕಲಿತಿದ್ದೆವು. ಹಿಂದಿನ ಇಸ್ಲಾಮೀ ನಗರಗಳಲ್ಲಿ ಮುಹ್ತಸಿಬ್ ಎಂಬ ಅಧಿಕಾರಿ ಪೇಟೆಯ ತೂಕ, ಅಳತೆಗಳನ್ನು ನೋಡುತ್ತಿದ್ದ. ಶಕ್ತಿ ಮೀರಿ ಪ್ರಾಣಿಯನ್ನು ದುಡಿಸುವವರನ್ನು ತಡೆಯುವುದೂ ಅವನ ಹೊಣೆಯೆಂದು ಹನ್ನೊಂದನೆಯ ಶತಮಾನದ ವಿದ್ವಾಂಸ ಅಲ್ ಮಾವರ್ದಿ ಬರೆದಿದ್ದಾರೆ. ಹಸಿವು ಮತ್ತು ದುಡಿತದಿಂದ ಬಳಲಿದ ಒಂಟೆಯೊಂದನ್ನು ಕಂಡು ಪ್ರವಾದಿ ಮುಹಮ್ಮದ್(ಸ)ರು ಅದರ ಒಡೆಯನನ್ನು ಕರೆಸಿ ಅಲ್ಲಾಹನ ಭಯವನ್ನು ನೆನಪಿಸಿದ ಘಟನೆ ಅಬೂದಾವೂದ್‌ನಲ್ಲಿದೆ. ಅಂದಮೇಲೆ ಲೈಸೆನ್ಸ್ ಎಂಬುದು ಬರಿಯ ಶುಲ್ಕದ ರಸೀದಿಯಲ್ಲ, ಅದೊಂದು ಅಮಾನತ್ತು. ಕೊಡುವ ಕಚೇರಿಗೂ ಅದರ ಹೊಣೆಯಿದೆ. ಸ್ಟ್ಯಾಂಡಿನಲ್ಲಿ ಕುದುರೆಗೆ ನೆರಳು, ನೀರು ಇಲ್ಲದಿದ್ದರೆ ಕಾಗದದ ಮೇಲಿನ ನಿಯಮದಿಂದ ಕುದುರೆಯ ಬಾಯಾರಿಕೆ ತೀರದು.

ಸಹೋದರಿಯರೇ, ನಮ್ಮ ಪಾಲಿನ ಕರ್ತವ್ಯವೂ ಇದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಬಸ್ ಪ್ರಯಾಣ ಉಚಿತವಾಗಿದೆ, ಅಲ್‌ಹಮ್ದುಲಿಲ್ಲಾಹ್. ಆದರೆ ಬಾಡಿಗೆ ಗಾಡಿ ಹತ್ತಲೇಬೇಕಾದಾಗ ಮೊದಲು ಬೋರ್ಡ್ ನೋಡಿ. ಹಳದಿ ಹಲಗೆಯ ಮೇಲೆ ಕಪ್ಪು ಅಕ್ಷರವಿದ್ದರೆ ಅದು ಬಾಡಿಗೆಗೆ ನೋಂದಾಯಿಸಿದ ಗಾಡಿ. ವಿದ್ಯುತ್ ವಾಹನವಾದರೆ ಹಸಿರು ಹಲಗೆಯ ಮೇಲೆ ಹಳದಿ ಅಕ್ಷರ ಇರುತ್ತದೆ. ಬಿಳಿ ಬೋರ್ಡಿನ ಖಾಸಗಿ ಕಾರನ್ನು ಬಾಡಿಗೆಗೆ ಓಡಿಸುವಂತಿಲ್ಲ, ಅಪಘಾತವಾದರೆ ವಿಮೆಯ ಹಣಕ್ಕೂ ತಕರಾರು ಏಳಬಹುದು. ಹತ್ತುವ ಮುನ್ನವೇ ಬಾಡಿಗೆ ಮಾತಾಡಿ, ಗಾಡಿಯ ನಂಬರನ್ನು ಮನೆಗೆ ತಿಳಿಸಿ. ಐವರು ಕೂರುತ್ತೇವೆಂದು ಟಾಂಗಾದವರನ್ನು ಒತ್ತಾಯಿಸಬೇಡಿ. ಅವರು ಒಪ್ಪಿದರೂ ಭಾರ ಎಳೆಯುವುದು ಮೂಕಪ್ರಾಣಿ.

ಚರ್ಚಿನ ಬಳಿ ಇಳಿದಾಗ ನಾದಿನಿ ಮಾತಾಡಿದ ಬಾಡಿಗೆಯ ಮೇಲೆ ಐವತ್ತು ರೂಪಾಯಿ ಹೆಚ್ಚು ಕೊಟ್ಟಳು. ಚಾಚಾ ಸಂಕೋಚಪಡದೆ ತೆಗೆದುಕೊಂಡು, "ಇದು ಇವನ ಹುರುಳಿಗೆ" ಎಂದು ಕುದುರೆಯ ಕುತ್ತಿಗೆ ತಟ್ಟಿದರು.

ದಸರಾ ಮುಗಿದು ಎರಡು ವಾರದ ಬಳಿಕ ಮಾರುಕಟ್ಟೆಗೆ ಹೋದವಳು ಅರಮನೆಯ ಬಳಿ ಹಾದುಬಂದೆ. ದೀಪದ ತೋರಣ ಬಿಚ್ಚಿದ್ದರು, ಹೊರಗಿನ ಗಾಡಿಗಳು ಹೋಗಿದ್ದವು. ಚಾಚಾ ಮಾತ್ರ ಅದೇ ಜಾಗದಲ್ಲಿ ಕುಳಿತಿದ್ದರು. ಆ ದಿನ ನನಗೆ ಟಾಂಗಾದ ಅಗತ್ಯವೇನೂ ಇರಲಿಲ್ಲ. ಆದರೂ ಸಲಾಂ ಹೇಳಿ ಹತ್ತಿದೆ. ಅವರು ಹಗ್ಗ ಸಡಿಲಿಸುತ್ತಾ, "ಬಿಸ್ಮಿಲ್ಲಾಹ್, ಇದೇ ಇವತ್ತಿನ ಮೊದಲ ಬಾಡಿಗೆ" ಎಂದರು. ಆಗ ಅಸರ್ ಬಾಂಗ್ ಕೇಳಿಸುತ್ತಿತ್ತು.