ನೀರಿನ ದಾರಿಯಲ್ಲೊಂದು ಮನೆ

"ಏನಮ್ಮಾ ಓದ್ತಾ ಇದೀಯ?" ಎಂದು ಯಾರಾದರೂ ಕೇಳಿದರೆ ಆ ಹುಡುಗಿಗೆ ಸಂಕಟ. "ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್" ಎನ್ನುತ್ತಿದ್ದಂತೆ ಕೇಳಿದವರ ಹುಬ್ಬು ಮೇಲೇರುತ್ತದೆ. "ಅಂದ್ರೆ ಗಾರ್ಡನ್ ಮಾಡೋದು ತಾನೆ? ನಮ್ಮನೆ ಮುಂದೂ ಒಂದಿಷ್ಟು ಹುಲ್ಲು ಹಾಕಿಕೊಡು" ಎಂದು ಎದುರುಮನೆಯ ಆಂಟಿ ನಗುತ್ತಾರೆ. ಐದು ವರ್ಷ ಬಿ.ಆರ್ಕ್. ಮುಗಿಸಿದ ಮಗಳು ನಾಲ್ಕು ಕಟ್ಟಡ ಕಟ್ಟಿ ಹೆಸರು ಮಾಡುವುದು ಬಿಟ್ಟು ಮತ್ತೆ ಎರಡು ವರ್ಷ ಗಿಡಮರ, ಮಣ್ಣು, ಚರಂಡಿ ಎಂದು ಅಲೆಯುವುದೇಕೆಂದು ಅವಳ ಅಪ್ಪನಿಗೂ ಅರ್ಥವಾಗಿರಲಿಲ್ಲ.

ಅವಳಿಗೆ ಈ ಗೀಳು ಹತ್ತಿದ್ದು ಕೋಲಾರ ಕಡೆಯ ಅಜ್ಜಿಯ ಊರಿನಲ್ಲಿ. ಅಜ್ಜಿಯ ಅಣ್ಣ ಆ ಊರ ಕೆರೆಯ ನೀರಗಂಟಿಯಾಗಿದ್ದರು. ಯಾವ ದಿನ ತೂಬು ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದೆಲ್ಲ ಅವರ ಲೆಕ್ಕ. ಬೇಸಿಗೆ ರಜೆಯಲ್ಲಿ ಏರಿಯ ಮೇಲೆ ಕೂತು, ಈ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ ಎಂದು ಕೇಳುತ್ತ ಬೆಳೆದವಳು ಅವಳು. ಪ್ರಕೃತಿ, ವಿನ್ಯಾಸ, ಪರಿಸರ ವಿಜ್ಞಾನ ಎಂದು ಕಾಲೇಜಿನಲ್ಲಿ ಮೂರು ಪತ್ರಿಕೆಗಳಾಗಿ ಹಂಚಿಹೋದದ್ದು ಆ ಏರಿಯ ಮೇಲೆ ಒಂದೇ ಆಗಿತ್ತು.

ಮೊದಲ ವರ್ಷ ಅವಳಿಗೆ ಇಷ್ಟವಾದವರು ಜರ್ಮನಿಯ ಕ್ರುಂಬಿಗಲ್. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು ಲಾಲ್‌ಬಾಗನ್ನು ಬೆಳೆಸಿದ ಈ ತೋಟಗಾರ, ಒಂದು ಜಾತಿಯ ಮರ ಹೂವುದುರಿಸುವ ಹೊತ್ತಿಗೆ ಇನ್ನೊಂದು ಅರಳುವಂತೆ ಬೆಂಗಳೂರಿನ ರಸ್ತೆಗಳಿಗೆ ಮರಗಳನ್ನು ಆರಿಸಿದವರು. ಎರಡನೆಯ ವರ್ಷ ಅವಳ ಕಣ್ಣು ಹೂವಿನಿಂದ ಬೇರಿನ ಕಡೆಗೆ ಇಳಿಯಿತು. ಚೀನಾದ ಕಾಂಗ್‌ಜಿಯಾನ್ ಯು ಅವರ ಬಗ್ಗೆ ಓದಿದಳು. 1963ರಲ್ಲಿ ಹಳ್ಳಿಯೊಂದರಲ್ಲಿ ಹುಟ್ಟಿದ ಈತ ಬಾಲಕನಾಗಿದ್ದಾಗ ತುಂಬಿದ ಹಳ್ಳಕ್ಕೆ ಬಿದ್ದು, ದಂಡೆಯ ಗಿಡ ಮತ್ತು ಜೊಂಡನ್ನು ಹಿಡಿದು ಬದುಕಿದವರು. ದಂಡೆಗೆ ಕಾಂಕ್ರೀಟ್ ಇದ್ದಿದ್ದರೆ ಹಿಡಿಯಲು ಏನಿರುತ್ತಿತ್ತು? ಮುಂದೆ ಅವರು ನಗರವೇ ಸ್ಪಂಜಿನಂತೆ ನೀರು ಹೀರಿಕೊಳ್ಳಬೇಕೆಂದು ವಾದಿಸಿದರು. ಅವರ ದೇಶ ಅದನ್ನು ಕಾರ್ಯಕ್ರಮವನ್ನಾಗಿಯೇ ಮಾಡಿಕೊಂಡಿತು. 2025ರ ಸೆಪ್ಟೆಂಬರಿನಲ್ಲಿ ಬ್ರೆಜಿಲ್ಲಿನ ಜೌಗುನಾಡಿನಲ್ಲಿ ವಿಮಾನ ಅಪಘಾತದಲ್ಲಿ ಅವರು ತೀರಿಕೊಂಡ ಸುದ್ದಿ ಬಂದ ದಿನ ಅವಳು ಊಟ ಬಿಟ್ಟಳು. ಚೀನಾದವನಿಗೆ ಇವಳೇಕೆ ಅಳುತ್ತಾಳೆಂದು ಅಮ್ಮನಿಗೆ ಆಶ್ಚರ್ಯ.

ಕೊನೆಯ ವರ್ಷದ ಪ್ರಬಂಧಕ್ಕೆ ಅವಳು ಆರಿಸಿಕೊಂಡದ್ದು ಬೆಂಗಳೂರಿನ ದಕ್ಷಿಣದ ತನ್ನದೇ ಬಡಾವಣೆ. ದೂರ ಹೋಗುವ ಖರ್ಚಿಲ್ಲ ಎಂಬುದು ಒಂದು ಕಾರಣ. ಮಳೆಗಾಲದಲ್ಲಿ ತಮ್ಮ ಬೀದಿಗೆ ನೀರು ನುಗ್ಗುವುದೇಕೆಂಬ ಪ್ರಶ್ನೆ ಇನ್ನೊಂದು. 2022ರ ಸೆಪ್ಟೆಂಬರಿನಲ್ಲಿ ನಗರದ ಹೊರವರ್ತುಲ ರಸ್ತೆಯ ಕಡೆ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಸಾಗಿಸಿದ್ದನ್ನು ಎಲ್ಲರೂ ನೋಡಿದ್ದಾರೆ. ಆ ವರ್ಷ ಇವರ ಮನೆಯ ಹಾಲಿನಲ್ಲೂ ಮೊಣಕಾಲುದ್ದ ನೀರು ನಿಂತಿತ್ತು. ಪಕ್ಕದವರು ಸೈಟಿಗೆ ಮಣ್ಣು ತುಂಬಿಸಿದ್ದೇ ತಪ್ಪು ಎಂದು ಅಪ್ಪ ದೂರುತ್ತಿದ್ದರು.

ಸ್ಕಾಟ್ಲೆಂಡ್ ಮೂಲದ ಇಯಾನ್ ಮೆಕ್‌ಹಾರ್ಗ್ 1969ರ ತಮ್ಮ ಪುಸ್ತಕದಲ್ಲಿ ಕಲಿಸಿಕೊಟ್ಟ ಒಂದು ಉಪಾಯವಿದೆ. ಇಳಿಜಾರು, ಮಣ್ಣು, ನೀರು, ಗಿಡಮರ, ಜನವಸತಿ ಇವುಗಳನ್ನು ಬೇರೆ ಬೇರೆ ಪಾರದರ್ಶಕ ಹಾಳೆಗಳಲ್ಲಿ ಬರೆದು ಒಂದರ ಮೇಲೊಂದು ಇಡುವುದು. ಎಲ್ಲಿ ಕಟ್ಟಬಹುದು, ಎಲ್ಲಿ ಕಟ್ಟಬಾರದು ಎಂಬುದು ತಾನಾಗಿ ಎದ್ದು ಕಾಣುತ್ತದೆ. ಈಗ ಇದನ್ನು ಕಂಪ್ಯೂಟರೇ ಮಾಡುತ್ತದೆ. ಅವಳು ಮಾತ್ರ ಹಟ ಹಿಡಿದು ಟ್ರೇಸಿಂಗ್ ಹಾಳೆಗಳನ್ನೇ ತಂದಳು. ಕಂದಾಯ ಇಲಾಖೆಯ ಹಳೆಯ ಗ್ರಾಮ ನಕ್ಷೆಯನ್ನು ಅಳತೆಗೆ ಹೊಂದಿಸಿ, ಅದರ ಮೇಲೆ ಇಂದಿನ ಬಡಾವಣೆಯ ಹಾಳೆಯನ್ನು ಹರಡಿದಳು. ಮೇಲಿನ ಕೆರೆಯ ಕೋಡಿಯಿಂದ ಹೊರಟ ಕಾಲುವೆ ಗುಂಡುತೋಪನ್ನು ಬಳಸಿ, ಬಂಡಿದಾರಿಯನ್ನು ದಾಟಿ, ನೇರವಾಗಿ ಅವರ ಮನೆಯ ಅಡುಗೆಕೋಣೆಯೊಳಗೆ ಹಾದು ಹೋಗುತ್ತಿತ್ತು!

ಅವಳು ಮೂರು ಸಲ ಅಳೆದಳು. ಗೆರೆ ಕದಲಲಿಲ್ಲ.

ಅಪ್ಪ ಪಿ.ಎಫ್. ಹಣ, ಅಮ್ಮನ ಬಳೆ, ಬ್ಯಾಂಕಿನ ಸಾಲ ಎಲ್ಲ ಸೇರಿಸಿ ಕೊಂಡಿದ್ದ ಮೂವತ್ತು-ನಲವತ್ತರ ಸೈಟು ಅದು. ಕಾಗದಪತ್ರಗಳಲ್ಲಿ ಕಾಲುವೆಯ ಸುಳಿವಿರಲಿಲ್ಲ. ರಾತ್ರಿ ಊಟವಾದ ಮೇಲೆ ಅವಳು ಹಾಳೆಗಳನ್ನು ಮೇಜಿನ ಮೇಲೆ ಹರಡಿದಳು. ಅಮ್ಮ ಮೊದಲು ಮಾತಾಡಿದರು. "ಯಾರಿಗೂ ತೋರಿಸಬೇಡ ಕಣೇ. ನಾಳೆ ನಿನ್ನ ಮದುವೆಗೆ ಅಂತ ಮನೆ ಮಾರೋದಾದ್ರೆ ಯಾರು ತಗೋತಾರೆ?" ಅಪ್ಪ ಬಹಳ ಹೊತ್ತು ಗೆರೆಯನ್ನೇ ನೋಡುತ್ತಿದ್ದು, "ಇದನ್ನ ಕಾಲೇಜಿನಲ್ಲಿ ಇಡ್ತೀಯಾ?" ಎಂದರು.

"ಇದೊಂದು ಗೆರೆ ಬಿಟ್ಟರೆ ಉಳಿದ ನಕ್ಷೆಯೆಲ್ಲ ಸುಳ್ಳಾಗತ್ತಪ್ಪ."

ಅಪ್ಪ ಎದ್ದು ಹೋದರು. ಒಂದು ವಾರ ಮನೆಯಲ್ಲಿ ಮಾತಿಲ್ಲ. ಅಜ್ಜಿಗೆ ಫೋನು ಮಾಡಿದರೆ ಅಲ್ಲಿಂದ ಬಂದ ಉತ್ತರ ಇಷ್ಟೆ: "ನೀರಿಗೆ ದಾರಿ ಮರೆಯಾಕಿಲ್ಲ ಕಣವ್ವ. ನಾವು ಮರೀತೀವಿ."

ಗೆರೆಯನ್ನು ಉಳಿಸಿಕೊಂಡೇ ಅವಳು ವಿನ್ಯಾಸಕ್ಕೆ ಕೂತಳು. ಕಟ್ಟಿದ ಮನೆಗಳನ್ನೆಲ್ಲ ಕೆಡವಿ ಎನ್ನುವುದು ಸುಲಭ. ಮೇಲಿನಿಂದ ಬರುವ ನೀರನ್ನು ದಾರಿಯಲ್ಲೇ ತಡೆದು ನಿಧಾನ ಮಾಡುವುದು ಹೇಗೆಂಬುದು ಅವಳ ಪ್ರಶ್ನೆ. ಲೆಕ್ಕ ಶಾಲೆಯ ಮಕ್ಕಳೂ ಮಾಡಬಹುದಾದದ್ದು. ಮೂವತ್ತು-ನಲವತ್ತರ ಒಂದು ಸೈಟೆಂದರೆ ಸುಮಾರು 111 ಚದರ ಮೀಟರ್. ಅದರ ಮೇಲೆ 5 ಸೆಂಟಿಮೀಟರ್ ಮಳೆ ಬಿದ್ದರೆ ಐದೂವರೆ ಸಾವಿರ ಲೀಟರ್ ನೀರು. ನೂರು ಸೈಟುಗಳಿಂದ ಐದೂವರೆ ಲಕ್ಷ ಲೀಟರ್. ಬಡಾವಣೆಯ ಮೇಲ್ತುದಿಯಲ್ಲಿ ಅರ್ಧ ಎಕರೆಯ ಪಾರ್ಕಿದೆ. ಅದನ್ನು ರಸ್ತೆಗಿಂತ ಎತ್ತರಕ್ಕೆ ಮಣ್ಣು ತುಂಬಿ ಕಟ್ಟಿದ್ದಾರೆ. ಹಾಗೆ ಮಾಡದೆ ರಸ್ತೆಗಿಂತ ಒಂದಡಿ ತಗ್ಗು ಮಾಡಿದ್ದರೆ ಆರು ಲಕ್ಷ ಲೀಟರ್ ನೀರು ಅಲ್ಲೇ ತಂಗುತ್ತಿತ್ತು! ಸೊಳ್ಳೆಯ ಕಾಟವಾಗುವುದಿಲ್ಲವೇ? ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು ಒಂದು ವಾರ ಬೇಕು. ಎರಡು ದಿನದಲ್ಲಿ ನೀರು ಇಂಗುವಂತೆ, ಹೆಚ್ಚಾದದ್ದು ಹರಿದುಹೋಗುವಂತೆ ಮಾಡಿದರೆ ಭಯವಿಲ್ಲ. ಒಳಚರಂಡಿಯ ಕೊಳಕು ಮಾತ್ರ ಅದಕ್ಕೆ ಸೇರಬಾರದು. ಉಳಿದಿರುವ ಕಾಲುವೆಯ ದಂಡೆಗೆ ಅವಳು ಬರೆದದ್ದು ಹೊಳೆಮತ್ತಿ, ಹೊಂಗೆ, ನೇರಳೆ. ಮಣ್ಣು ಹಿಡಿಯಲು ಲಾವಂಚ.

ಪರೀಕ್ಷಕರು ಪ್ರಬಂಧವನ್ನು ಮೆಚ್ಚಿದರು. ಪಾರ್ಕಿನ ವಿಷಯಕ್ಕೆ ಕಚೇರಿಯೊಂದಕ್ಕೆ ಕೊಟ್ಟ ಅರ್ಜಿಗೆ ಉತ್ತರ ಬಂದಿಲ್ಲ. ಗೆರೆ ಮನೆಯ ಕೆಳಗೆ ಹಾಗೆಯೇ ಇದೆ.

ಆದರೆ ಒಂದು ಭಾನುವಾರ ಬೆಳಿಗ್ಗೆ ಸುತ್ತಿಗೆಯ ಸದ್ದಿಗೆ ಅವಳಿಗೆ ಎಚ್ಚರವಾಯಿತು. ಅಪ್ಪ ಗಾರೆಯವನನ್ನು ಕರೆಸಿ ಮನೆಯಂಗಳದ ಸಿಮೆಂಟನ್ನು ಒಡೆಸುತ್ತಿದ್ದರು. ಗೇಟಿನುದ್ದಕ್ಕೆ ಮೂರಡಿ ಅಗಲದ ಕೆಂಪು ಮಣ್ಣು ಇಪ್ಪತ್ತು ವರ್ಷಗಳ ನಂತರ ಬೆಳಕು ಕಂಡಿತ್ತು. ಅಷ್ಟರಿಂದ ಮನೆ ಉಳಿಯುವುದಿಲ್ಲವೆಂದು ಇಬ್ಬರಿಗೂ ಗೊತ್ತು.

"ಆ ಹೊಳೆಮತ್ತಿ ಗಿಡ ಎಲ್ಲಿ ಸಿಗುತ್ತೆ, ಪುಟ್ಟಿ?"

"ಅದು ದೊಡ್ಡ ಮರವಪ್ಪ. ಕಾಲುವೆ ದಂಡೆಗೆ ಮಾತ್ರ ಸರಿ."

"ಕಾಲುವೆ ನಮ್ಮನೇಲೇ ಇದೆಯಲ್ಲ" ಎಂದರು ಅಪ್ಪ. ಆ ವಾರದಲ್ಲಿ ಅವರು ನಕ್ಕದ್ದು ಅದೇ ಮೊದಲು.